ಏಳರ ಮೂತಿಯ ಕೆಳಗಿನ ನೀಲಿ

ನಮ್ಮ ಅತ್ತೆ ಜೀವಮಾನದಲ್ಲಿ ಒಂದು ಸಲವೂ ವಿಮಾನ ಹತ್ತಿದವರಲ್ಲ. ಆದರೆ ಹದಿನಾರು ಜೆಟ್ ವಿಮಾನಗಳನ್ನು ಮಗುವಿನ ಮುಖ ಒರೆಸುವಷ್ಟು ಸಲೀಸಾಗಿ ಒರೆಸಿ, ಉಜ್ಜಿ, ಬಣ್ಣ ಹಚ್ಚಿದವರು. ಅವುಗಳ ಬಾಲದ ಮೇಲಿನ ಅಂಕಿ ಅವರದು, ಮೂತಿಯ ಸುತ್ತಲಿನ ಹಳದಿ ಪಟ್ಟಿ ಅವರದು. ವಾಯುಪಡೆಯ ತರಬೇತಿ ಮೈದಾನದಲ್ಲಿ ಅಡುಗೆಯವರಿಂದ ಹಿಡಿದು ಹಾರಾಟ ಕಲಿಸುವ ಸಾಹೇಬರವರೆಗೆ ಎಲ್ಲರೂ ಅವರನ್ನು ಅಂಕಿಯಮ್ಮ ಎಂದೇ ಕರೆಯುತ್ತಿದ್ದರು.

ನಾನು ಅವರ ಸೊಸೆ. ಸೊಸೆಯಾದವಳು ಅತ್ತೆಯನ್ನು ಹೊಗಳಿದರೆ ಓದುವವರಿಗೆ ಅನುಮಾನ ಬರುತ್ತದೆ. ಆದ್ದರಿಂದ ಅವರ ಅವಗುಣಗಳನ್ನು ಮೊದಲೇ ಹೇಳಿ ಮುಗಿಸುತ್ತೇನೆ. ಕೋಪ ಸದಾ ಮೂಗಿನ ತುದಿಯಲ್ಲೇ ಇರುತ್ತಿತ್ತು. ನನ್ನ ಅಡುಗೆಗೆ ಉಪ್ಪು ಹೆಚ್ಚಾದರೆ ಬಾಯಿಬಿಟ್ಟು ಹೇಳುತ್ತಿರಲಿಲ್ಲ, ಮಾತಿಲ್ಲದೆ ಎರಡು ಲೋಟ ನೀರು ಕುಡಿದು ನನ್ನ ಮುಖ ನೋಡುತ್ತಿದ್ದರು. ಅದರ ಬದಲು ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ಎಲ್ಲಕ್ಕಿಂತ ಮೇಲಾಗಿ, ಬಣ್ಣದ ವಿಷಯದಲ್ಲಿ ಮಹಾ ಜಿಪುಣಿ. ಡಬ್ಬದ ತಳದಲ್ಲಿ ಎರಡು ಚಮಚ ಉಳಿದಿದ್ದರೂ ಎಸೆಯುವ ಹಾಗಿರಲಿಲ್ಲ. ನಮ್ಮ ಮನೆಯ ಮೆಟ್ಟಿಲ ಕೆಳಗೆ ನಲವತ್ತು ಐವತ್ತು ಡಬ್ಬಗಳು ಸಾಲಾಗಿ ಕೂತಿದ್ದವು. ಒಂದಕ್ಕೂ ಚೀಟಿ ಇಲ್ಲ. ಮುಚ್ಚಳ ತೆಗೆಯದೆಯೇ ಅತ್ತೆ, ಇದು ದವಾಖಾನೆ ಹಸಿರು, ಇದು ಕ್ಷೌರದಂಗಡಿ ಕೆಂಪು, ಇದು ಶಾಲೆ ಗೇಟು ಎಂದು ಹೇಳಿಬಿಡುತ್ತಿದ್ದರು. ಊರಿನ ಬಾಗಿಲು, ಕಿಟಕಿ, ಬೋರ್ಡುಗಳಿಗೆಲ್ಲ ಬಣ್ಣ ಹಚ್ಚಿದ ಮನೆ ನಮ್ಮದು.

ಮಾವನವರಿಗೆ ಬೋರ್ಡು ಬರೆಯುವ ಅಂಗಡಿ ಇತ್ತು. ನಾನು ಅವರನ್ನು ನೋಡಿಲ್ಲ, ಮದುವೆಗೆ ಮುಂಚೆಯೇ ತೀರಿಕೊಂಡಿದ್ದರು. ಅವರು ಅಕ್ಷರದ ಗೆರೆ ಎಳೆಯುವುದು, ಅತ್ತೆ ಒಳಗೆ ಬಣ್ಣ ತುಂಬುವುದು, ಹೀಗೆ ಇಪ್ಪತ್ತು ವರ್ಷ ನಡೆದಿತ್ತು. ಮಾವನವರ ಕೈ ಎಷ್ಟು ಗಟ್ಟಿಯೋ ಎದೆ ಅಷ್ಟೇ ಪುಕ್ಕಲು. ಏಣಿ ಕಂಡರೆ ತಲೆ ತಿರುಗುತ್ತಿತ್ತಂತೆ. ಎತ್ತರದ ಬೋರ್ಡು ಬಂದಾಗ ಅವರು ಕೆಳಗೆ ಏಣಿ ಹಿಡಿದು ನಿಂತು, ಎಡಕ್ಕೆ, ಬಲಕ್ಕೆ ಎಂದು ಕೂಗುವುದು, ಅತ್ತೆ ಮೇಲೆ ಹತ್ತಿ ಬರೆಯುವುದು. ಏಣಿ ಹಿಡಿಯುವವರು ಹೋದ ಮೇಲೆ ಅಂಗಡಿ ಮುಚ್ಚಿತು. ಆ ವರ್ಷವೇ ಮೈದಾನಕ್ಕೆ ಜೆಟ್ ವಿಮಾನಗಳು ಬರಲು ಶುರುವಾದವು, ಅಂಕಿ ಬರೆಯುವವರು ಬೇಕಾಗಿದ್ದರು.

ಮೊದಲ ದಿನ ಜೆಟ್ಟನ್ನು ನೋಡಿ ಅತ್ತೆ ಸುತ್ತ ಒಂದು ಪ್ರದಕ್ಷಿಣೆ ಹಾಕಿ, "ಇದರ ಫ್ಯಾನು ಯಾರು ಬಿಚ್ಕೊಂಡು ಹೋದ್ರು?" ಎಂದು ಕೇಳಿದರಂತೆ. ಅಲ್ಲಿಯವರೆಗೆ ಊರಿನವರಿಗೆ ವಿಮಾನ ಎಂದರೆ ಮುಂದೆ ತಿರುಗುವ ರೆಕ್ಕೆ ಇರಬೇಕು. ಇದಕ್ಕೆ ಅದಿಲ್ಲ, ಬರೀ ಬಾಯಿ ತೆರೆದುಕೊಂಡಿದೆ. ಅದು ಎದ್ದು ಹೋದದ್ದನ್ನು ನೋಡಿದ ಮೇಲೆ ಅತ್ತೆ ತಮಾಷೆ ಬಿಟ್ಟರು. ಮನೆಗೆ ಬಂದು ಮಗನಿಗೆ, "ಕಣ್ಣು ಮಿಟುಕಿಸೋಕೆ ಮುಂಚೆ ಇಲ್ಲ ಕಣೋ. ಅಂಥದ್ದರ ಮೈ ಮುಟ್ಟೋ ಕೆಲಸ ನಂದು," ಎಂದರಂತೆ. ಈ ಮಾತನ್ನು ನನ್ನ ಗಂಡ ಎಷ್ಟೋ ಸಲ ಹೇಳಿದ್ದಾರೆ. ಅವರು ಅಂಚೆ ಕಚೇರಿಯಲ್ಲಿ ಕಾಗದಗಳಿಗೆ ಮೊಹರು ಹೊಡೆಯುತ್ತಿದ್ದರು, ತಾಯಿಯ ಕೆಲಸದ ಮುಂದೆ ತಮ್ಮದು ಸಪ್ಪೆ ಎಂದು ಅವರಿಗೇ ಗೊತ್ತಿತ್ತು.

ಈಗ ಅತ್ತೆಯ ತಪ್ಪು ಹೇಳಬೇಕು. ಇಡೀ ಕಥೆ ಅದರ ಮೇಲೆ ನಿಂತಿದೆ.

ಹಳದಿ ಹಚ್ಚುವ ಮೊದಲು ಲೋಹಕ್ಕೆ ಒಂದು ಬೂದು ಬಣ್ಣ ಹಚ್ಚಬೇಕು, ಪ್ರೈಮರ್ ಎನ್ನುತ್ತಾರೆ. ಅದು ನಿಯಮ. ಹಚ್ಚಿದ ಮೇಲೆ ಪುಸ್ತಕದಲ್ಲಿ, ಮೂತಿಗೊಮ್ಮೆ ಬಾಲಕ್ಕೊಮ್ಮೆ, ವಿಮಾನದ ಅಂಕಿ, ತಾರೀಖು, "ಬೂದು ಹಚ್ಚಿದೆ" ಎಂದು ಬರೆದು ಸಹಿ ಹಾಕಬೇಕು. ಅದರ ಕೆಳಗೆ ಫೋರ್‌ಮನ್ ಸಹಿ. ಫೋರ್‌ಮನ್ನನನ್ನು ಎಲ್ಲರೂ ಹಿಂದಿನಿಂದ ರೂಲುದೊಣ್ಣೆ ಎನ್ನುತ್ತಿದ್ದರು. ಕೈಯಲ್ಲಿ ಸದಾ ಗೆರೆ ಎಳೆಯುವ ರೂಲುದೊಣ್ಣೆ, ಬಾಯಲ್ಲಿ ಸದಾ ರೂಲು. ಆದರೆ ಅತ್ತೆಗೆ ಆ ಬೂದು ಬಣ್ಣ ಕಂಡರಾಗದು. "ಅದು ಹಳದಿನ ಕುಡಿದುಬಿಡುತ್ತೆ ಕಣೇ. ಮಾರನೇ ದಿನ ನೋಡಿದ್ರೆ ಕಾಯಿಲೆ ಬಿದ್ದವರ ಮುಖ. ಒಳಗೆ ಎಣ್ಣೆ ಬಣ್ಣ ಇದ್ರೆ ಹಳದಿ ಮೇಲೆ ಹೊಳೀತಾ ಕೂರುತ್ತೆ," ಎನ್ನುತ್ತಿದ್ದರು. ಹಾಗಾಗಿ ಮೆಟ್ಟಿಲ ಕೆಳಗಿನ ಡಬ್ಬದಲ್ಲಿ ಆ ವಾರ ಯಾವುದು ಉಳಿದಿದೆಯೋ ಅದನ್ನು ಹಳೆಯ ಬಟ್ಟೆಯಲ್ಲಿ ಸೋಸಿ, ಚೀಲದಲ್ಲಿ ಮುಚ್ಚಿಟ್ಟುಕೊಂಡು ಹೋಗಿ, ಅದನ್ನೇ ಒಳಗೆ ಹಚ್ಚಿ, ಮೇಲೆ ಹಳದಿ ಹಚ್ಚುತ್ತಿದ್ದರು. ಪುಸ್ತಕದಲ್ಲಿ ಬೂದು ಎಂದು ಬರೆದು ದುಂಡಗೆ ಸಹಿ ಹಾಕುತ್ತಿದ್ದರು. ಡಬ್ಬವೂ ಖಾಲಿ, ಹಳದಿಯೂ ಜೀವಂತ. ರೂಲುದೊಣ್ಣೆ ಮೇಲಿನ ಹಳದಿಯ ಅಳತೆ ನೋಡುತ್ತಿದ್ದನೇ ಹೊರತು ಒಳಗೆ ಏನಿದೆ ಎಂದು ಕೆರೆದು ನೋಡಿದವನಲ್ಲ.

ನನ್ನ ಮದುವೆಯ ವಾರ ಅತ್ತೆ ನಮ್ಮ ಕೋಣೆಯ ಬಾಗಿಲಿಗೆ ನೀಲಿ ಹಚ್ಚಿಸಿದ್ದರು. ಅಂಗಡಿಯಲ್ಲಿ ಸಿಗುವ ನೀಲಿಯಲ್ಲ. ಮೂರು ಡಬ್ಬಗಳ ತಳದ ನೀಲಿ, ಒಂದಿಷ್ಟು ಕಪ್ಪು, ಹೆಸರಿಲ್ಲದ ಇನ್ನೇನೋ ಸೇರಿಸಿ ತಾವೇ ಕಲಸಿದ್ದು. ಶಾಯಿ ಚೆಲ್ಲಿದ ಹಾಗಿತ್ತು. ನನಗೆ ಆ ಬಾಗಿಲು ಕಂಡರೆ ಮೈ ಉರಿಯುತ್ತಿತ್ತು. ಬೇರೆ ಬಣ್ಣ ಹಚ್ಚೋಣವೇ ಎಂದು ನಾನು ಮೂರು ಸಲ ಕೇಳಿದೆ. ಮೂರು ಸಲವೂ ಅತ್ತೆ ಎರಡು ಲೋಟ ನೀರು ಕುಡಿದರು.

ಮಧ್ಯಾಹ್ನದ ಊಟದ ಡಬ್ಬ ತೆಗೆದುಕೊಂಡು ಮೈದಾನಕ್ಕೆ ಹೋಗುವುದು ನನ್ನ ಕೆಲಸ. ಬಣ್ಣದ ಕೊಠಡಿಯ ಮೆಟ್ಟಿಲ ಮೇಲೆ ಕೂತು ಇಬ್ಬರೂ ಉಣ್ಣುತ್ತಿದ್ದೆವು. ಮೊದಮೊದಲು ವಿಮಾನದ ಸದ್ದು ಕೇಳಿ ನಾನು ತಲೆ ಎತ್ತಿದರೆ ಅಲ್ಲಿ ಏನೂ ಇರುತ್ತಿರಲಿಲ್ಲ. ಅತ್ತೆ ನಕ್ಕು ಹೇಳಿಕೊಟ್ಟರು: "ಸದ್ದು ಬಂದ ಕಡೆ ನೋಡಬೇಡ, ಅಲ್ಲಿ ಬರೀ ಸದ್ದು ಇರುತ್ತೆ. ಒಂದು ಗೇಣು ಮುಂದೆ ನೋಡು." ನೋಡಿದೆ. ಇತ್ತು. ತನ್ನ ಸದ್ದನ್ನೇ ಹಿಂದೆ ಬಿಟ್ಟು ಹೋಗುವಂಥದ್ದನ್ನು ಮನುಷ್ಯರು ಮಾಡಿದ್ದಾರಲ್ಲ ಎಂದು ನಾನು ಕೈಯಲ್ಲಿದ್ದ ತುತ್ತನ್ನು ಬಾಯಿಗಿಡುವುದನ್ನೇ ಮರೆತೆ.

ಆ ದಿನ ಆಕಾಶ ತೊಳೆದಿಟ್ಟ ಹಾಗಿತ್ತು. ಮೇಲೆ ಎರಡೇ ವಿಮಾನ, ಏಳು ಮತ್ತು ನಾಲ್ಕು. ಏಳರಲ್ಲಿ ಹಾರಾಟ ಕಲಿಸುವ ಸಾಹೇಬರು, ಎಲ್ಲರೂ ಮೇಷ್ಟ್ರು ಎನ್ನುತ್ತಿದ್ದರು. ನಾಲ್ಕರಲ್ಲಿ ಕಲಿಯುವ ಯುವಕ. ಅವನಿಗೆ ವಿಮಾನ ಹತ್ತುವ ಮೊದಲು ತಪ್ಪದೆ ಬಿಕ್ಕಳಿಕೆ ಬರುತ್ತಿತ್ತು, ಆದ್ದರಿಂದ ಅವನ ಹೆಸರೇ ಬಿಕ್ಕಳಿಕೆ. ಅವತ್ತಿನ ಪಾಠ ಗೋಡೆಯ ಹಲಗೆಯ ಮೇಲೆ ಬರೆದಿತ್ತು: ಜಾಗ ಬದಲಾವಣೆ. ಮೊದಲು ಮೇಷ್ಟ್ರು ಮುಂದೆ, ಶಿಷ್ಯ ಹಿಂದೆ. ಮೇಷ್ಟ್ರು ಸನ್ನೆ ಮಾಡಿದ ಮೇಲೆ ಶಿಷ್ಯ ಮುಂದೆ ಬರಬೇಕು, ಮೇಷ್ಟ್ರು ಅವನ ಹಿಂದೆ ಹೋಗಬೇಕು.

ನಾನು ಒಂದು ಗೇಣು ಮುಂದೆ ನೋಡುತ್ತಿದ್ದೆ. ತುಂಬ ಎತ್ತರದಲ್ಲಿ, ಸೂರ್ಯನ ಪಕ್ಕದಲ್ಲೇ, ಎರಡು ಬೆಳ್ಳಿ ಚುಕ್ಕೆ. ಯಾವುದು ಏಳು, ಯಾವುದು ನಾಲ್ಕು, ಯಾವುದು ಮುಂದೆ, ಯಾವುದು ಹಿಂದೆ, ಆ ಬೆಳಕಿನಲ್ಲಿ ದೇವರಿಗೂ ತಿಳಿಯುವ ಹಾಗಿರಲಿಲ್ಲ. ಎರಡು ಚುಕ್ಕೆ ಒಂದಾದವು. ಸದ್ದಿಲ್ಲ. ಒಂದಾದದ್ದು ಮತ್ತೆ ಎರಡಾಯಿತು, ಆಮೇಲೆ ಐದಾರಾಯಿತು. ಆಗಲೂ ಸದ್ದಿಲ್ಲ. ಚೂರುಗಳು ಫಳಫಳ ಹೊಳೆಯುತ್ತ, ಅವಸರವೇ ಇಲ್ಲದೆ ಕೆಳಗೆ ಬರುತ್ತಿದ್ದವು. ನಾಚಿಕೆಯಾಗುತ್ತದೆ ಹೇಳುವುದಕ್ಕೆ, ನನಗೆ ಆ ಕ್ಷಣ ಅದು ಚೆಂದ ಕಂಡಿತು. ಆಮೇಲೆ ಸದ್ದು ಬಂತು, ದೂರದ ಮನೆಯಲ್ಲಿ ಯಾರೋ ದೊಡ್ಡ ಬಾಗಿಲನ್ನು ದಢಾರೆಂದು ಮುಚ್ಚಿದ ಹಾಗೆ. ಅಷ್ಟು ದೊಡ್ಡ ಆಕಾಶದಲ್ಲಿ ಎರಡಕ್ಕೆ ಜಾಗ ಸಾಲಲಿಲ್ಲವಲ್ಲ ಎಂದುಕೊಂಡೆ. ಅತ್ತೆಯ ಕೈ ನನ್ನ ಮೊಣಕೈಯನ್ನು ಹಿಡಿದಿತ್ತು, ಬೆರಳಿನ ಗುರುತು ಎರಡು ದಿನ ಇತ್ತು.

ಒಂದು ವಿಮಾನ ಗಿರಗಿರನೆ ತಿರುಗುತ್ತ ಜೌಗು ನೆಲದ ಕಡೆ ಹೋಯಿತು. ಅದರಿಂದ ಒಂದು ಬಿಳಿ ಹೂವಿನಂಥದ್ದು ಬಿಚ್ಚಿಕೊಂಡಿತು, ಪ್ಯಾರಾಶೂಟ್. ಇನ್ನೊಂದು, ಹೊಟ್ಟೆ ಹರಿದುಕೊಂಡೇ, ಕುಡಿದವನ ಹಾಗೆ ಓಲಾಡುತ್ತ ಮೈದಾನದ ಕಡೆ ತಿರುಗಿತು. ಎಲ್ಲರೂ ಕೊಠಡಿಗಳಿಂದ ಹೊರಗೆ ಬಂದು ನಿಂತರು. ಒಂದು ಚಕ್ರ ಇಳಿಯಿತು. ನಾನು ಎಣಿಸಿದೆ, ಒಂಬತ್ತು ಎಣಿಸುವಷ್ಟರಲ್ಲಿ ಇನ್ನೊಂದು ಇಳಿಯಿತು. ಅದು ನೆಲ ಮುಟ್ಟಿ, ಹಾರಿ, ಮತ್ತೆ ಮುಟ್ಟಿ, ಓಡಿ ನಿಂತಿತು. ಬಾಲದ ಮೇಲೆ ಅತ್ತೆಯ ಕೈಯ ನಾಲ್ಕು. ಬಿಕ್ಕಳಿಕೆ ಇಳಿದು ಬಂದು ವಿಮಾನದ ನೆರಳಲ್ಲಿ ಕೂತ. ಆಮೇಲೆ ಅವನಿಗೆ ಜೀವಮಾನದಲ್ಲಿ ಬಿಕ್ಕಳಿಕೆ ಬರಲಿಲ್ಲವಂತೆ.

ಮೇಷ್ಟ್ರು ಬದುಕಿದ್ದರು. ಕಾಲು ಮುರಿದಿತ್ತು, ತಲೆಗೆ ಪೆಟ್ಟಾಗಿತ್ತು. ಎಚ್ಚರವಾದ ಮೇಲೆ ಅವರು ಹೇಳಿದ್ದು ಇಷ್ಟು: "ನಾನು ಮುಂದೆ ಇದ್ದೆ. ಜಾಗ ಬದಲಾಯಿಸೋ ಮೊದಲೇ ಹುಡುಗ ಹಿಂದಿನಿಂದ ಬಂದು ನನ್ನ ಬಾಲದ ಮೇಲೆ ಬಿದ್ದ." ಬಿಕ್ಕಳಿಕೆ ಹೇಳಿದ್ದು: "ಬದಲಾಯಿಸಿ ಆಗಿತ್ತು. ಮುಂದೆ ನಾನಿದ್ದೆ. ಕೆಳಗಿನಿಂದ ಏನೋ ಬಂದು ಗುದ್ದಿತು." ಮೇಷ್ಟ್ರು ಸುಳ್ಳು ಹೇಳುವವರಲ್ಲ ಎಂದು ಗೇಟಿನ ಕಾವಲುಗಾರನಿಗೂ ಗೊತ್ತು. ಏಳನೆಯ ವಿಮಾನವನ್ನು ಕೇಳೋಣವೆಂದರೆ ಅದು ಜೌಗಿನಲ್ಲಿ ಎರಡಾಳು ಆಳ ಹೂತು, ಉಳಿದದ್ದು ಸುಟ್ಟು ಕರಕಲಾಗಿತ್ತು. ವಿಚಾರಣೆಗೆ ಮೂವರು ಅಧಿಕಾರಿಗಳು ಬಂದರು. ತಪ್ಪು ಬಿಕ್ಕಳಿಕೆಯದೆಂದು ಬರೆದರೆ ಅವನು ಮತ್ತೆಂದೂ ಹಾರುವ ಹಾಗಿಲ್ಲ, ಮೇಷ್ಟ್ರನ್ನು ಕೊಲ್ಲಲು ಹೊರಟವನು ಎಂಬ ಹೆಸರು ಬೆನ್ನಿಗೆ ಅಂಟುತ್ತದೆ. ಎರಡು ದಿನದಲ್ಲಿ ಬರೆದು ಮುಗಿಸುತ್ತಾರೆ ಎಂದು ಎಲ್ಲರೂ ಹೇಳಿದರು.

ನಾಲ್ಕನ್ನು ದೊಡ್ಡ ಶೆಡ್ಡಿನಲ್ಲಿ ಹಗ್ಗ ಕಟ್ಟಿ ನಿಲ್ಲಿಸಿದ್ದರು. "ಮುಟ್ಟಬಾರದು" ಎಂಬ ಬೋರ್ಡು ಬೇಕಾಯಿತು. ಬೋರ್ಡು ಎಂದ ಮೇಲೆ ಅತ್ತೆಯೇ ಬರಬೇಕು. ಅವರು ಬರೆದು, ಹಗ್ಗಕ್ಕೆ ನೇತುಹಾಕಿ, ಸರಿಯಾಗಿ ಕಾಣುತ್ತದೆಯೇ ಎಂದು ನೋಡಲು ಬಗ್ಗಿದಾಗ ವಿಮಾನದ ಹೊಟ್ಟೆ ಕಂಡಿತು. ಅಲ್ಲಿ ಎರಡು ಮಾರುದ್ದದ ಹಳದಿ ಗೀರು. ಏಳರ ಹಳದಿ ಅಂಟಿಕೊಂಡದ್ದು, ಅದು ಎಲ್ಲರಿಗೂ ಗೊತ್ತಿತ್ತು. ಬಾಲದ ಅಂಕಿಯೂ ಹಳದಿ, ಮೂತಿಯ ಪಟ್ಟಿಯೂ ಹಳದಿ, ಒಂದೇ ಡಬ್ಬದ್ದು, ಹಾಗಾಗಿ ಗೀರಿನಿಂದ ಏನೂ ತಿಳಿಯುವುದಿಲ್ಲ ಎಂದು ಅಧಿಕಾರಿಗಳು ಕೈಬಿಟ್ಟಿದ್ದರು. ಅತ್ತೆ ಮಾತ್ರ ಇನ್ನಷ್ಟು ಬಗ್ಗಿದರು. ಹಳದಿಯ ಅಂಚಿನಲ್ಲಿ, ಉಗುರಿನ ಕೊಳೆಯಷ್ಟು ಸಣ್ಣಗೆ, ನೀಲಿ ಇತ್ತು.

ಆ ಸಂಜೆ ಅತ್ತೆ ಮನೆಗೆ ಬಂದು ಚಪ್ಪಲಿಯನ್ನೂ ಬಿಡದೆ ನನ್ನ ಕೋಣೆಯ ಬಾಗಿಲ ಮುಂದೆ ನಿಂತರು. ಬಾಗಿಲಿನ ಮೇಲೆ ಕೈಯಿಟ್ಟು, "ಏಳರ ಬಾಲದೊಳಗೆ ಬಿಳಿ ಹಚ್ಚಿದ್ದೆ. ನೀಲಿ ಹಚ್ಚಿದ್ದು ಮೂತಿಗೆ. ನಿನ್ನ ಬಾಗಿಲಿಗೆ ಹಚ್ಚಿ ಉಳಿದಿದ್ದು," ಎಂದರು. ನನಗೆ ಮೊದಲು ಅರ್ಥವಾಗಲಿಲ್ಲ. ಅತ್ತೆ ನಿಧಾನವಾಗಿ ಹೇಳಿದರು. ಬಾಲ ತಗುಲಿದ್ದರೆ ಮೇಷ್ಟ್ರು ಮುಂದೆ ಇದ್ದರು, ಹುಡುಗನ ತಪ್ಪು. ಮೂತಿ ತಗುಲಿದ್ದರೆ ಮೇಷ್ಟ್ರು ಹಿಂದೆ ಇದ್ದರು, ಅವರೇ ಬಂದು ಗುದ್ದಿದ್ದಾರೆ. ತಗುಲಿದ್ದು ಮೂತಿ. ಇದು ಗೊತ್ತಿರುವುದು ಜಗತ್ತಿನಲ್ಲಿ ಒಬ್ಬರಿಗೆ, ಹೇಳಬೇಕಾದರೆ ತಾವು ಇಷ್ಟು ದಿನ ಸುಳ್ಳು ಸಹಿ ಹಾಕಿದ್ದನ್ನು ಹೇಳಬೇಕು.

ಮರುದಿನ ಊಟದ ಹೊತ್ತಿನಲ್ಲಿ ಅವರು ರೂಲುದೊಣ್ಣೆಗೆ ಹೇಳಿದರು. ಅವನ ಮುಖ ಬೂದು ಪ್ರೈಮರಿನ ಬಣ್ಣಕ್ಕೆ ತಿರುಗಿತು.

"ಅಂಕಿಯಮ್ಮ, ಪುಸ್ತಕದಲ್ಲಿ ಏನು ಬರೆದಿದೆ? ಬೂದು ಅಂತ. ಕೆಳಗೆ ನಿಮ್ಮ ಸಹಿ. ಅದರ ಕೆಳಗೆ ನನ್ನ ಸಹಿ."

"ಗೊತ್ತು."

"ನೀಲಿ ಅಂತ ಬಾಯಿಬಿಟ್ರೆ ನಾಳೆಯಿಂದ ನಿಮ್ಮ ಕೈಗೆ ಇಲ್ಲಿ ಕುಂಚ ಸಿಗಲ್ಲ."

"ನಿಮ್ಮ ತಂಟೆಗೆ ಬರಲ್ಲ. ಫೋರ್‌ಮನ್ನಿಗೆ ಗೊತ್ತಿರಲಿಲ್ಲ, ನಾನೇ ಮೋಸ ಮಾಡಿದೆ ಅಂತ ಹೇಳ್ತೀನಿ. ಅದು ನಿಜ ತಾನೆ."

ಅವನು ರೂಲುದೊಣ್ಣೆಯನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಾಯಿಸಿದ. "ಆ ಹುಡುಗ ನಿಮಗೇನಾಗಬೇಕು?" ಎಂದು ಕೇಳಿದ.

"ಏನೂ ಆಗಬೇಕಿಲ್ಲ. ನೀಲಿ ನಂದು," ಎಂದರು ಅತ್ತೆ.

ಅವನ ಮುಂದೆ ಹೀಗೆ ಧೈರ್ಯವಾಗಿ ಹೇಳಿದವರು ಮನೆಗೆ ಬರುವ ದಾರಿಯಲ್ಲಿ ನನ್ನ ಪಕ್ಕದಲ್ಲಿ ನಡೆಯುತ್ತ ಬೇರೆಯೇ ಆಗಿದ್ದರು. "ಭಯ ಆಗುತ್ತೆ ಕಣೇ," ಎಂದರು. "ನನಗೆ ಬರೋದೇ ಅದೊಂದು. ಅಂಕಿ ಬರೆದು, ಅದು ಮೇಲೆ ಹೋಗೋದನ್ನ ನೋಡೋದು. ಅದೂ ಹೋದ್ರೆ ಬೆಳಿಗ್ಗೆ ಎದ್ದು ಏನು ಮಾಡಲಿ?" ಸುಮ್ಮನಿದ್ದುಬಿಡಿ ಅತ್ತೆ ಎಂಬ ಮಾತು ನನ್ನ ನಾಲಿಗೆಯ ತುದಿಗೆ ಬಂದಿತ್ತು. ನನ್ನ ಗಂಡ ಅದನ್ನೇ ಹೇಳಿದರು. ಅತ್ತೆ ಮಗನ ಮಾತಿಗೆ ಎರಡು ಲೋಟ ನೀರು ಕುಡಿದರು.

ವಿಚಾರಣೆ ನಡೆದದ್ದು ಸಿಪಾಯಿಗಳ ಊಟದ ಕೋಣೆಯಲ್ಲಿ. ನಾನು ಕಿಟಕಿಯ ಹೊರಗೆ, ಊಟದ ಡಬ್ಬ ಎದೆಗವಚಿಕೊಂಡು ನಿಂತಿದ್ದೆ. ಅಧ್ಯಕ್ಷರು ಒಣಕಲು ಮನುಷ್ಯ, ಮಾತಿಗೊಮ್ಮೆ ಕೆಮ್ಮುತ್ತಿದ್ದರು. ಅತ್ತೆ ಹೇಳಿದ್ದನ್ನೆಲ್ಲ ಕೇಳಿ, ಕೆಮ್ಮಿ, ಹೇಳಿದರು: "ಪುಸ್ತಕದಲ್ಲಿ ಬೂದು ಅಂತಿದೆ. ಈಗ ನೀಲಿ ಅಂತೀರಿ. ಆ ಹುಡುಗನ್ನ ಉಳಿಸೋಕೆ ಹೇಳ್ತಿಲ್ಲ ಅಂತ ನಾವು ಹೇಗೆ ನಂಬೋದು?"

"ಏಳು ಹೋಯ್ತು. ಇನ್ನು ಹದಿನೈದು ಹೊರಗೆ ನಿಂತಿವೆ. ಒಂದೊಂದರೊಳಗೆ ಏನಿದೆ ಅಂತ ಹೇಳ್ತೀನಿ, ಕೆರೆದು ನೋಡಿ," ಎಂದರು ಅತ್ತೆ.

ನೋಡಿದರು. ಬಿಸಿಲಲ್ಲಿ ಹದಿನಾಲ್ಕು ವಿಮಾನಗಳು ಸಾಲಾಗಿ ನಿಂತಿದ್ದವು, ಹೊಟ್ಟೆ ಹರಿದ ನಾಲ್ಕು ಶೆಡ್ಡಿನ ಬಾಗಿಲಲ್ಲಿ. ಅತ್ತೆಯನ್ನು ಅವುಗಳಿಗೆ ಬೆನ್ನು ಹಾಕಿ ನಿಲ್ಲಿಸಿದರು. ರೂಲುದೊಣ್ಣೆಯ ಕೈಗೇ ಚಾಕು ಕೊಟ್ಟರು. ಗುಮಾಸ್ತ ಕಾಗದ ಹಿಡಿದು ನಿಂತ. ಅಧ್ಯಕ್ಷರು ಅಂಕಿ ಕೂಗಿದರು.

"ಒಂದು?"

"ಮೂತಿ ದವಾಖಾನೆ ಬಾಗಿಲು, ಹಸಿರು. ಬಾಲ ಅಂಚೆ ಡಬ್ಬ, ಕೆಂಪು."

ಚಾಕು ಕರಕರ ಎಂದಿತು. ಹಳದಿ ಎದ್ದಿತು. ಕೆಳಗೆ ಹಸಿರು. ಬಾಲದಲ್ಲಿ ಕೆಂಪು.

"ಎರಡು?"

"ಎರಡೂ ಶಾಲೆ ಗೇಟು. ಆ ವಾರ ಜಾಸ್ತಿ ಉಳಿದಿತ್ತು. ಕಂದು."

ಕಂದು.

"ಮೂರು ಕ್ಷೌರದಂಗಡಿ ಕಂಬ. ಮೂತಿ ಕೆಂಪು, ಬಾಲ ಬಿಳಿ. ನಾಲ್ಕು..." ಅತ್ತೆ ಇಲ್ಲಿ ಉಸಿರೆಳೆದುಕೊಂಡರು. "ನಾಲ್ಕರ ಮೂತಿ ನಮ್ಮ ಯಜಮಾನರ ಅಂಗಡಿ ಬೋರ್ಡು. ಕೆನೆ ಬಣ್ಣ. ಅವರು ಕೈಯಾರೆ ಕಲಸಿಟ್ಟ ಕೊನೇ ಡಬ್ಬ ಅದು."

ರೂಲುದೊಣ್ಣೆ ನಾಲ್ಕರ ಮೂತಿಯನ್ನು ಅಕ್ಕಿಕಾಳಿನಷ್ಟೇ ಕೆರೆದ. ಕೆನೆ ಬಣ್ಣ ಕಂಡಿತು. ಅವನು ಅದನ್ನು ಹೆಬ್ಬೆರಳಿನಿಂದ ಒರೆಸಿ ಮುಂದೆ ಹೋದ.

ನಾನು ನಿಂತಲ್ಲೇ ನಿಂತು ಕೇಳಿಸಿಕೊಂಡೆ. ಬೇಕರಿಯ ಕಿಟಕಿ, ಹಾಲಿನವನ ಗಾಡಿ, ವಕೀಲರ ನಾಮಫಲಕ, ಹುಡುಗಿಯರ ಹಾಸ್ಟೆಲ್ಲಿನ ಬೆಂಚು. ನಾವೆಲ್ಲ ದಿನವೂ ತಳ್ಳಿ ತೆಗೆದು ಮುಚ್ಚುವ ಬಾಗಿಲುಗಳು ನಮಗೆ ತಿಳಿಯದೆ ಇಷ್ಟು ದಿನ ಆಕಾಶದಲ್ಲಿ, ಸದ್ದಿಗಿಂತ ಒಂದು ಗೇಣು ಮುಂದೆ, ಹಾರಾಡುತ್ತಿದ್ದವು. ಒಂದೊಂದು ಉತ್ತರ ಸರಿಯಾದಾಗಲೂ ನನಗೆ ಹಿಗ್ಗು, ಒಂದೊಂದು ಸರಿಯಾದಾಗಲೂ ಹೆದರಿಕೆ. ಯಾಕೆಂದರೆ ಪ್ರತಿ ಸರಿ ಉತ್ತರವೂ ಒಂದು ಸುಳ್ಳು ಸಹಿ, ಗುಮಾಸ್ತ ಬರೆದುಕೊಳ್ಳುತ್ತಲೇ ಇದ್ದ. ಅತ್ತೆ ತಮ್ಮ ಕೆಲಸವನ್ನು ತಾವೇ ಚೂರು ಚೂರಾಗಿ ಕೆರೆಸಿ ಹಾಕುತ್ತಿದ್ದರು.

"ಹನ್ನೊಂದು?"

"ಮೂತಿ ಬೇಕರಿ ಬೆಂಚು, ಕಿತ್ತಳೆ. ಬಾಲ... ಬಾಲ ಬೂದು."

ಅಧ್ಯಕ್ಷರು ತಲೆ ಎತ್ತಿದರು. "ಬೂದು ಅಂದ್ರೆ?"

"ನಿಮ್ಮ ಬೂದೇ, ಸ್ವಾಮಿ. ಅವತ್ತು ಜ್ವರ ಬಂದಿತ್ತು, ಮೆಟ್ಟಿಲ ಕೆಳಗೆ ಬಗ್ಗೋಕೆ ಆಗಲಿಲ್ಲ. ಅದೊಂದು ಸಹಿ ನಿಜ."

ಕೆರೆದರು. ಬೂದು. ಮೂವರು ಅಧಿಕಾರಿಗಳಲ್ಲಿ ಒಬ್ಬರು ನಗು ತಡೆಯಲು ಟೋಪಿ ಸರಿಮಾಡಿಕೊಂಡರು.

ಮೂವತ್ತು ಗೀರು, ಮೂವತ್ತೂ ಸರಿ. ಕೊನೆಗೆ ಅಧ್ಯಕ್ಷರು, ಇಲ್ಲದ ವಿಮಾನದ ಅಂಕಿಯನ್ನು ಮೆಲ್ಲಗೆ ಕೇಳಿದರು. "ಏಳು?"

"ಬಾಲ ಸಿನಿಮಾ ಟಿಕೆಟ್ ಕಿಟಕಿ, ಬಿಳಿ. ಮೂತಿ ನನ್ನ ಸೊಸೆ ಕೋಣೆ ಬಾಗಿಲು, ನೀಲಿ." ಎಲ್ಲರೂ ತಿರುಗಿ ನನ್ನನ್ನು ನೋಡಿದರು. ಏನು ಮಾಡಬೇಕೆಂದು ತೋಚದೆ ನಾನು ಊಟದ ಡಬ್ಬ ತೋರಿಸಿದೆ.

ಮಾರನೆಯ ಬೆಳಿಗ್ಗೆ ಜೀಪು ನಮ್ಮ ಬೀದಿಗೆ ಬಂತು. ನಾನು ಓಡಿ ಹಾಸಿಗೆ ಮಡಚಿದೆ, ಮಂಚದ ಮೇಲಿದ್ದ ಬಟ್ಟೆಗಳನ್ನು ಕಾಲಲ್ಲಿ ಕೆಳಗೆ ತಳ್ಳಿದೆ. ಅಧ್ಯಕ್ಷರು ಬಂದರು, ರೂಲುದೊಣ್ಣೆ ಬಟ್ಟೆಯಲ್ಲಿ ಸುತ್ತಿದ ಏನನ್ನೋ ಹಿಡಿದು ಬಂದ, ಅವರ ಹಿಂದೆ ಕಂಕುಳಲ್ಲಿ ಊರುಗೋಲು ಸಿಕ್ಕಿಸಿಕೊಂಡು, ಕಾಲಿಗೆ ಪಟ್ಟಿ ಹಾಕಿಕೊಂಡು ಮೇಷ್ಟ್ರು. ಬರುವುದು ಬೇಡವೆಂದು ವೈದ್ಯರು ಹೇಳಿದ್ದರೂ ಕೇಳಿರಲಿಲ್ಲವಂತೆ. ಬಟ್ಟೆಯಲ್ಲಿ ಇದ್ದದ್ದು ನಾಲ್ಕರ ಹೊಟ್ಟೆಯಿಂದ ಕತ್ತರಿಸಿದ ಲೋಹದ ತುಂಡು. ಮೇಷ್ಟ್ರು ಅದನ್ನು ತಾವೇ ಕೇಳಿ ತೆಗೆದುಕೊಂಡರು. ಗೋಡೆಗೆ ಊರುಗೋಲು ಒರಗಿಸಿ, ಒಂದೇ ಕಾಲಿನ ಮೇಲೆ ನಿಂತು, ಕಿಟಕಿಯ ಬೆಳಕಿನಲ್ಲಿ ಆ ತುಂಡನ್ನು ನನ್ನ ಬಾಗಿಲಿಗೆ ಹಿಡಿದರು. ನಾನು ಮೂರು ಸಲ ಬೇಡವೆಂದಿದ್ದ ನೀಲಿ. ತುಂಡಿನ ನೀಲಿ ಎಲ್ಲಿ ಮುಗಿಯಿತು, ಬಾಗಿಲ ನೀಲಿ ಎಲ್ಲಿ ಶುರುವಾಯಿತು ಗೊತ್ತಾಗಲಿಲ್ಲ.

ಮೇಷ್ಟ್ರು ತುಂಬ ಹೊತ್ತು ನೋಡಿದರು. ಅವರೊಬ್ಬರೇ ಒಂದು ಮಾತಿನಿಂದ ಎಲ್ಲವನ್ನೂ ತಮ್ಮ ಕಡೆ ತಿರುಗಿಸಿಕೊಳ್ಳಬಹುದಿತ್ತು, ಯಾವ ನೀಲಿಯಾದರೂ ಹೀಗೇ ಕಾಣುತ್ತದೆ ಎಂದಿದ್ದರೆ ಸಾಕಿತ್ತು.

"ಹಾಗಾದರೆ ಹಿಂದೆ ಇದ್ದದ್ದು ನಾನು," ಎಂದರು. ಅಧ್ಯಕ್ಷರ ಕಡೆ ತಿರುಗಿ, "ಬರೆದುಕೊಳ್ಳಿ. ಸನ್ನೆ ಮಾಡಿದ್ದು ನನಗೆ ನೆನಪಿಲ್ಲ. ಮುಂದೆ ಇದ್ದೆ ಅಂತ ಅಂದುಕೊಂಡೆ, ಅಷ್ಟೆ. ನೆನಪಿಲ್ಲ ಅಂತ ನಾನು ಮೊದಲ ದಿನವೇ ಹೇಳಬೇಕಿತ್ತು. ಸೂರ್ಯನ ಎದುರು ಹುಡುಗನ್ನ ಕಳಕೊಂಡಿರಬೇಕು," ಎಂದರು. ನಮ್ಮ ಪುಟ್ಟ ಕೋಣೆಯಲ್ಲಿ, ಮಡಚಿದ ಹಾಸಿಗೆಯ ಪಕ್ಕ, ಅಷ್ಟು ದೊಡ್ಡ ಮನುಷ್ಯ ಅಷ್ಟು ಸಣ್ಣ ದನಿಯಲ್ಲಿ ಅದನ್ನು ಹೇಳಿದ್ದು ಕೇಳಿ ನನಗೆ ಆ ದಿನ ಆಕಾಶದಲ್ಲಿ ಕಂಡದ್ದಕ್ಕಿಂತ ಹೆಚ್ಚು ಬೆರಗಾಯಿತು.

ಹೊರಡುವಾಗ ಮೇಷ್ಟ್ರು ಅತ್ತೆಯ ಹತ್ತಿರ ನಿಂತರು. "ನೀವು ಸುಮ್ಮನಿರಬಹುದಿತ್ತಲ್ಲ, ಅಂಕಿಯಮ್ಮ?"

"ನೀವೂ ಸುಮ್ಮನಿರಬಹುದಿತ್ತು, ಸಾಹೇಬರೇ," ಎಂದರು ಅತ್ತೆ.

ಬಿಕ್ಕಳಿಕೆ ಮತ್ತೆ ಹಾರಿದ. ಮೇಷ್ಟ್ರ ಕಾಲು ಸರಿಹೋಗಲಿಲ್ಲ, ಅವರು ಹಲಗೆಯ ಮುಂದೆ ನಿಂತು ಪಾಠ ಹೇಳುವವರಾದರು. ಅತ್ತೆಗೆ ಒಂದು ಕಾಗದ ಬಂತು, ನನ್ನ ಗಂಡನೇ ಮೊಹರು ಹೊಡೆದು ತಂದರು. ಏಳರದ್ದೂ ಸೇರಿ ಮೂವತ್ತೊಂದು ಸುಳ್ಳು ಸಹಿ, ಇನ್ನು ಬರುವುದು ಬೇಡ. ಬರೆದದ್ದರಲ್ಲಿ ತಪ್ಪೇನೂ ಇರಲಿಲ್ಲ, ಅಷ್ಟು ವೇಗದಲ್ಲಿ ಹೋಗುವ ವಸ್ತುವಿನ ಮೇಲೆ ಕ್ಷೌರದಂಗಡಿಯ ಬಣ್ಣ ಹಚ್ಚುವುದು ಸರಿಯಲ್ಲ. ಅತ್ತೆಯೂ ಅದನ್ನು ಒಪ್ಪಿದರು. ಕುಂಚಗಳನ್ನು ತೊಳೆದು, ಕಟ್ಟಿ, ಮೆಟ್ಟಿಲ ಕೆಳಗೆ ಇಟ್ಟರು. ನಾನು ನೀಲಿ ಬಾಗಿಲಿನ ಬಗ್ಗೆ ಗೊಣಗುವುದನ್ನು ಬಿಟ್ಟೆ, ಇವತ್ತಿಗೂ ಅದೇ ಬಣ್ಣ ಇದೆ.

ಎಲ್ಲ ವಿಮಾನಗಳನ್ನೂ ಲೋಹ ಕಾಣುವವರೆಗೆ ಕೆರೆದು, ಬೂದು ಹಚ್ಚಿ, ಹೊಸದಾಗಿ ಹಳದಿ ಹಚ್ಚಬೇಕೆಂದು ಆಜ್ಞೆಯಾಯಿತು. ಬೇರೆ ಯಾರೋ ಬಂದು ತಗಡಿನ ಅಚ್ಚು ಇಟ್ಟು ಬಣ್ಣ ಊದಿದರು. ಅತ್ತೆ ಮಧ್ಯಾಹ್ನ ತಾರಸಿಯ ಮೇಲೆ ಕೂತು ನೋಡುತ್ತಿದ್ದರು. ಒಂದೊಂದಾಗಿ ದವಾಖಾನೆ, ಶಾಲೆ ಗೇಟು, ಬೇಕರಿ ಬೆಂಚು ಆಕಾಶದಿಂದ ಇಳಿದು ಹೋದವು. "ಅದೋ, ಒಂಬತ್ತು. ಸತ್ತಿದೆ," ಎನ್ನುತ್ತಿದ್ದರು. "ಹದಿಮೂರು. ಅದೂ ಸತ್ತಿದೆ." ಕೆಲಸ ಮುಗಿಯಿತು, ಪುಸ್ತಕದಲ್ಲಿ ಹದಿನೈದಕ್ಕೂ ಬೂದು ಎಂದು ಫೋರ್‌ಮನ್ ಸಹಿ ಬಿದ್ದಿದೆ ಎಂದು ಸುದ್ದಿ ಬಂತು.

ಅದಾಗಿ ವಾರಕ್ಕೆ ನಾನು ತಾರಸಿಯಲ್ಲಿ ಬಟ್ಟೆ ಹರವುತ್ತಿದ್ದೆ. ಸದ್ದು ಕೇಳಿಸಿತು. ನಾನು ಒಂದು ಗೇಣು ಮುಂದೆ ನೋಡಿದೆ. ಹೊಟ್ಟೆಗೆ ತೇಪೆ ಹಾಕಿದ ವಿಮಾನವೊಂದು ತಗ್ಗಿನಲ್ಲಿ ಬಂತು, ಬಿಸಿಲಿಗೆ ಅದರ ಮೂತಿಯ ಹಳದಿ ಝಗ್ಗೆಂದಿತು. ಅತ್ತೆ ಕೂತಲ್ಲಿಂದ ಎದ್ದರು.

"ನಾಲ್ಕು," ಎಂದರು.

"ಅತ್ತೆ, ಎಲ್ಲಾ ಕೆರೆದಾಯ್ತು ಅಂತ ಹೇಳಿದ್ರಲ್ಲ."

"ಕೆರೆದಿಲ್ಲ. ಅದು ಬೂದಿನ ಮೇಲೆ ಕೂತ ಹಳದಿ ಅಲ್ಲ, ಕೆನೆ ಮೇಲೆ ಕೂತಿದ್ದು." ಅವರು ತಾರಸಿಯ ಅಂಚಿಗೆ ಬಂದರು. "ರೂಲುದೊಣ್ಣೆ ಸುಳ್ಳು ಸಹಿ ಹಾಕಿದ್ದಾನೆ ಕಣೇ."

ವಿಮಾನ ಸುತ್ತು ಹಾಕಿ ಮತ್ತೆ ಮೇಲಕ್ಕೆ ಏರಿತು, ಇನ್ನೂ ಮೇಲಕ್ಕೆ, ಚುಕ್ಕೆಯಾಗುವವರೆಗೆ. ಅತ್ತೆ ಕಣ್ಣಿಗೆ ಕೈ ಅಡ್ಡ ಹಿಡಿದು ನೋಡುತ್ತಲೇ ಇದ್ದರು. ಕೆನ್ನೆಯ ಮೇಲೆ ನೀರು ಇಳಿಯುತ್ತಿತ್ತು, ಒರೆಸಿಕೊಳ್ಳಲಿಲ್ಲ.

"ನಮ್ಮ ಯಜಮಾನರಿಗೆ ಮೂರು ಮೆಟ್ಟಿಲಿನ ಏಣಿ ಹತ್ತಿದ್ರೆ ತಲೆ ತಿರುಗ್ತಿತ್ತು," ಎಂದರು. "ನೋಡು ಈಗ ಎಲ್ಲಿದ್ದಾರೆ."